ಹಡಗನ್ನೇರುವ ಮುನ್ನ

ದೇಶ ಸುತ್ತು, ಕೋಶ ಓದು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಉದ್ಯೋಗ ನಿಮಿತ್ತವಾಗಿ ಊರು ಬಿಟ್ಟು ಹೂಗ್ಲಿ ನದಿಯ ದಂಡೆಯಲ್ಲಿ ನೆಲೆಸಿರುವ ನಮಗೆ ದೇಶ ಸುತ್ತುವ ಕಾರ್ಯವು ಅರ್ಧ ಮುಗಿದಂತೆಯೇ ಸರಿ. ವರ್ಷಕ್ಕೊಮ್ಮೆ ಹೌರಾ ನಿಲ್ದಾಣದಲ್ಲಿ ರೈಲನ್ನೇರಿ ಒಂದೂವರೆ ದಿನ ಕುಳಿತು ಬೆಂಗಳೂರನ್ನು ಮುಟ್ಟುವ ಅಭ್ಯಾಸ ನಮ್ಮಲ್ಲಿ ಅನೇಕರಿಗೆ ಉಂಟು. ಆದರೆ ಇದೇ ಕೋಲ್ಕತ್ತದ ಬಂದರಿನಿಂದ ಅಂಡಮಾನಿಗೆ ಪ್ರಯಾಣಿಕರ ಹಡಗು ಹೊರಡುತ್ತದೆ ಎಂಬುದನ್ನು ಬಲ್ಲವರು ಬಹಳ ಮಂದಿ ಇದ್ದರೂ, ಅದರಲ್ಲಿ ಪ್ರಯಾಣ ಮಾಡಿದವರು ವಿರಳ. ಈಚೆಗೆ ನಮ್ಮ ಬಳಗದ ಕೆಲವು ಕುಟುಂಬಗಳು ಈ ಯಾತ್ರೆಯ ವಿಚಾರ ಮಾಡುತ್ತಿರುವುದರಿಂದ, ಒಮ್ಮೆ ಹೋಗಿ ಬಂದ ಅನುಭವದಿಂದ ನಾಲ್ಕು ಮಾತುಗಳನ್ನು ಇಲ್ಲಿ ಬರೆಯುವ ಧೈರ್ಯ ಮಾಡಿದ್ದೇನೆ. ನಾನು ವೈದ್ಯನಲ್ಲ, ಲೆಕ್ಕಪತ್ರಗಳ ನಡುವೆ ಕಾಲ ಕಳೆಯುವವನು. ಆದಕಾರಣ ಔಷಧಿಯ ವಿಷಯದಲ್ಲಿ ನಾನು ಹೇಳುವುದನ್ನು ತಮ್ಮ ವೈದ್ಯರೊಡನೆ ವಿಚಾರಿಸಿಯೇ ಆಚರಣೆಗೆ ತರಬೇಕೆಂದು ಮೊದಲಿಗೇ ವಿನಂತಿಸುತ್ತೇನೆ.

ನಡುವೆ ನಿಲ್ದಾಣವಿಲ್ಲ

ಕೋಲ್ಕತ್ತದಿಂದ ಪೋರ್ಟ್ ಬ್ಲೇರ್‌ಗೆ ಸಮುದ್ರಮಾರ್ಗವಾಗಿ ಸುಮಾರು 1,250 ಕಿಲೋಮೀಟರು. ಈ ಪಟ್ಟಣಕ್ಕೆ 2024ರ ಸೆಪ್ಟೆಂಬರಿನಲ್ಲಿ ಶ್ರೀ ವಿಜಯಪುರಂ ಎಂದು ಮರುನಾಮಕರಣವಾಗಿದೆ. ಪ್ರಯಾಣಕ್ಕೆ ಮೂರರಿಂದ ನಾಲ್ಕು ದಿನ ಹಿಡಿಯುತ್ತದೆ. ಎಂ.ವಿ. ನಾನ್‌ಕೌರಿ, ಎಂ.ವಿ. ಸ್ವರಾಜ್ ದ್ವೀಪ್ ಮೊದಲಾದವು ಈ ಮಾರ್ಗದಲ್ಲಿ ಹೆಸರಾದ ಹಡಗುಗಳು. ವಿಲಾಸಿ ನೌಕೆಗಳ ಚಿತ್ರಗಳಲ್ಲಿ ಕಾಣುವ ಈಜುಕೊಳ, ನೃತ್ಯಶಾಲೆಗಳನ್ನು ಇಲ್ಲಿ ಅಪೇಕ್ಷಿಸುವಂತಿಲ್ಲ. ದ್ವೀಪವಾಸಿಗಳೂ, ಕೂಲಿಕಾರರೂ, ಸರ್ಕಾರಿ ನೌಕರರೂ ತಮ್ಮ ಸಂಸಾರ ಸಮೇತ ಸಂಚರಿಸುವ ಹಡಗುಗಳಿವು. ಕ್ಯಾಬಿನ್‌ಗಳೂ ಉಂಟು, ನೂರಾರು ಮಂದಿ ಒಂದೇ ವಿಶಾಲವಾದ ಕೋಣೆಯಲ್ಲಿ ಮಲಗುವ ಬಂಕ್ ದರ್ಜೆಯೂ ಉಂಟು.

ರೈಲಿಗೂ ಹಡಗಿಗೂ ಇರುವ ಮುಖ್ಯ ಭೇದವೇನೆಂದರೆ, ಹಡಗಿನ ದಾರಿಯಲ್ಲಿ ನಡುವೆ ನಿಲ್ದಾಣವಿಲ್ಲ. ರೈಲಿನಲ್ಲಿ ಮಾತ್ರೆಯನ್ನು ಮರೆತರೆ ಖರಗ್‌ಪುರದಲ್ಲೋ ವಿಶಾಖಪಟ್ಟಣದಲ್ಲೋ ಯಾರಿಗಾದರೂ ಹೇಳಿ ತರಿಸಿಕೊಳ್ಳಬಹುದು. ತೀರಾ ಕಷ್ಟವಾದರೆ ಇಳಿದೇ ಬಿಡಬಹುದು. ಹಡಗಿನಲ್ಲಾದರೋ ನದೀಮುಖ ದಾಟಿದ ಮೇಲೆ ದೂರವಾಣಿಯ ಸಂಪರ್ಕವೂ ಕಡಿದುಹೋಗುತ್ತದೆ. ಅಲ್ಲಿ ವೈದ್ಯರೂ ಸಣ್ಣದೊಂದು ಔಷಧಾಲಯವೂ ಇರುತ್ತವೆಯಾದರೂ, ನಾವು ದಿನನಿತ್ಯ ಸೇವಿಸುವ ಮಾತ್ರೆಯೇ ಅಲ್ಲಿ ದೊರೆಯುತ್ತದೆಂಬ ಭರವಸೆ ಇಲ್ಲ. ಸಿದ್ಧತೆಯ ಮಾತೆಲ್ಲ ಹುಟ್ಟುವುದು ಈ ಒಂದು ಸಂಗತಿಯಿಂದಲೇ.

ನನಗಾದ ಪಾಠ

2019ರ ಜನವರಿಯಲ್ಲಿ ನನ್ನ ಪತ್ನಿ, ಮಗಳು ಮತ್ತು ಮೈಸೂರಿನಿಂದ ಬಂದಿದ್ದ ಮಾವನವರೊಡನೆ ನಾನು ಈ ಪ್ರಯಾಣ ಕೈಗೊಂಡೆ. ಸೆಲ್ಯುಲರ್ ಕಾರಾಗೃಹವನ್ನು ಕಣ್ಣಾರೆ ಕಾಣಬೇಕೆಂಬುದು ಮಾವನವರ ಬಹುಕಾಲದ ಆಸೆ. ಅದೂ ಅಲ್ಲಿಗೆ ಬಂದಿಗಳು ಹೋದಂತೆ ಸಮುದ್ರದ ಮೇಲೆಯೇ ಹೋಗಬೇಕೆಂಬ ಹಟ. ಅವರಿಗೆ ಆಗ 71 ವರ್ಷ. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ. ನನ್ನ ಸ್ವಭಾವಕ್ಕನುಗುಣವಾಗಿ 46 ವಸ್ತುಗಳ ಪಟ್ಟಿಯೊಂದನ್ನು ತಯಾರಿಸಿ, ಒಂದೊಂದಕ್ಕೂ ಗುರುತು ಹಾಕಿ, ಎಲ್ಲವನ್ನೂ ದೊಡ್ಡ ಪೆಟ್ಟಿಗೆಯಲ್ಲಿ ಜೋಡಿಸಿ ಬೀಗ ಹಾಕಿದೆ. ಏನನ್ನೂ ಮರೆತಿಲ್ಲವೆಂಬ ಹೆಮ್ಮೆ ನನಗಿತ್ತು.

ಮಧ್ಯಾಹ್ನ ಹಡಗನ್ನೇರಿದೆವು. ಸಮುದ್ರಪಿತ್ತದ ಮಾತ್ರೆಯನ್ನು ಎಲ್ಲರಿಗೂ ಆಗಲೇ ಕೊಟ್ಟೆ. ಅದರ ಮಂಪರಿನಲ್ಲಿ ಮಾವನವರು ನಿದ್ರೆ ಹೋಗಿ ರಾತ್ರಿಯ ಊಟವನ್ನೇ ಮಾಡಲಿಲ್ಲ. ಮರುದಿನ ಬೆಳಿಗ್ಗೆ ವಾಡಿಕೆಯಂತೆ ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನುಂಗಿದರು. ಅಷ್ಟರಲ್ಲಿ ಹಡಗು ಕಡಲಿಗೆ ಬಿದ್ದು ಹೊಯ್ದಾಡತೊಡಗಿತ್ತು. ಹೊಟ್ಟೆ ತೊಳಸುತ್ತದೆಂದು ತಿಂಡಿ ಬೇಡವೆಂದರು. ಸಕ್ಕರೆಯಿಲ್ಲದ ಅರ್ಧ ಲೋಟ ಚಹಾ ಕುಡಿದರು, ಅಷ್ಟೆ. ನಾನು ಮಗಳನ್ನು ಕರೆದುಕೊಂಡು ಮೇಲಿನ ಡೆಕ್ಕಿಗೆ ಹಾರುವ ಮೀನುಗಳನ್ನು ತೋರಿಸಲು ಹೋದೆ.

ಹತ್ತು ಗಂಟೆಯ ಸುಮಾರಿಗೆ ಮಾವನವರ ಮೈಯೆಲ್ಲ ತಣ್ಣನೆ ಬೆವರಿತು. ಕೈ ನಡುಗಿತು, ಮಾತು ತೊದಲಿತು. ಸಮುದ್ರಪಿತ್ತವೇ ಹೆಚ್ಚಾಯಿತೆಂದು ನನ್ನ ಪತ್ನಿ ನಿಂಬೆಹಣ್ಣನ್ನು ಮೂಸಿಸಿ ಮಲಗಿಸಿದಳು. ಪಕ್ಕದ ಬಂಕಿನಲ್ಲಿದ್ದ ಬಂಗಾಳಿ ಮಹಿಳೆಯೊಬ್ಬರು ನರ್ಸ್ ಆಗಿದ್ದರು, ಅವರು ಒಂದು ಕ್ಷಣ ನೋಡಿ, "ಇವರಿಗೆ ಸಕ್ಕರೆ ಕಾಯಿಲೆ ಇದೆಯೆ?" ಎಂದು ಕೇಳಿದರು. ಇದೆಯೆಂದು ತಿಳಿದೊಡನೆ ರಕ್ತಪರೀಕ್ಷೆಯ ಯಂತ್ರ ಎಲ್ಲಿ ಎಂದರು. ಯಂತ್ರ ಪೆಟ್ಟಿಗೆಯಲ್ಲಿತ್ತು, ಪೆಟ್ಟಿಗೆ ಹತ್ತಾರು ಜನರ ಗಂಟುಮೂಟೆಗಳ ಅಡಿಯಲ್ಲಿತ್ತು, ಬೀಗದ ಕೈ ಡೆಕ್ಕಿನ ಮೇಲಿದ್ದ ನನ್ನ ಜೇಬಿನಲ್ಲಿತ್ತು. ಆ ಮಹಾತಾಯಿ ಯಂತ್ರಕ್ಕಾಗಿ ಕಾಯಲಿಲ್ಲ. "ಯಂತ್ರ ಸಿಕ್ಕಾಗ ನೋಡೋಣ, ಮೊದಲು ಸಕ್ಕರೆ ಕೊಡಿ" ಎಂದು ತಮ್ಮದೇ ಡಬ್ಬಿಯಿಂದ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ನಿಧಾನವಾಗಿ ಕುಡಿಸಿದರು. ಕಾಲು ಗಂಟೆಯಲ್ಲಿ ಮಾವನವರು ಕಣ್ಣರಳಿಸಿ, "ಏನಮ್ಮಾ, ಎಲ್ಲರೂ ಹೀಗೇಕೆ ಸುತ್ತ ನಿಂತಿದ್ದೀರಿ?" ಎಂದು ಮಗಳನ್ನು ಕೇಳಿದರು. ಹಡಗಿನ ವೈದ್ಯರು ಬಂದು ಪರೀಕ್ಷಿಸಿ, ಇನ್ನು ಸ್ವಲ್ಪ ತಡವಾಗಿದ್ದರೆ ಪ್ರಜ್ಞೆ ತಪ್ಪುತ್ತಿತ್ತೆಂದು ಹೇಳಿದರು.

ನನ್ನ ಪಟ್ಟಿಯಲ್ಲಿ ಯಾವ ವಸ್ತುವೂ ಬಿಟ್ಟುಹೋಗಿರಲಿಲ್ಲ. ಯಾವ ವಸ್ತು ಯಾವ ಗಳಿಗೆಯಲ್ಲಿ ಯಾರ ಕೈಗೆ ಸಿಗಬೇಕೆಂಬ ವಿಚಾರ ಮಾತ್ರ ಬಿಟ್ಟುಹೋಗಿತ್ತು. ಬ್ಯಾಂಕಿನ ಭದ್ರಕೊಠಡಿಯಲ್ಲಿ ಎಷ್ಟು ಹಣವಿದ್ದರೇನು, ಗಿರಾಕಿಯು ಎದುರಿಗೆ ನಿಂತಾಗ ಉಪಯೋಗಕ್ಕೆ ಬರುವುದು ಕ್ಯಾಷಿಯರನ ಕೈಯಳತೆಯಲ್ಲಿರುವ ಹಣ ಮಾತ್ರ. ಇಪ್ಪತ್ತು ವರ್ಷ ಈ ಕೆಲಸ ಮಾಡಿದವನಿಗೆ ಇಷ್ಟು ಹೊಳೆಯದೆ ಹೋದುದಕ್ಕೆ ನಾನು ಇಂದಿಗೂ ನಾಚುತ್ತೇನೆ.

ಮೂರು ಚೀಲಗಳ ಕ್ರಮ

ಆದಕಾರಣ ಸಾಮಾನುಗಳನ್ನು ಮೂರು ಭಾಗ ಮಾಡುವುದು ಲೇಸು. ಮೊದಲನೆಯದು ಸದಾ ಮೈಮೇಲೆ ಇರಬೇಕಾದ ಸಣ್ಣ ಚೀಲ. ಇದರಲ್ಲಿ ಟಿಕೆಟ್ಟು, ಮೂಲ ಗುರುತಿನ ಚೀಟಿ, ನಗದು, ಕನ್ನಡಕ, ಆ ದಿನದ ಔಷಧಿ ಮತ್ತು ಸಕ್ಕರೆ ಕಾಯಿಲೆಯವರಾದರೆ ಒಂದಿಷ್ಟು ಸಕ್ಕರೆ ಅಥವಾ ಗ್ಲೂಕೋಸ್ ಪುಡಿ ಇರಲಿ. ಎರಡನೆಯದು ಮಲಗುವ ಸ್ಥಳದಲ್ಲಿಯೇ ಇರುವ ಕೈಚೀಲ. ಇಡೀ ಸಮುದ್ರಯಾನಕ್ಕೆ ಬೇಕಾದ ಔಷಧಿ, ಪರೀಕ್ಷಾ ಯಂತ್ರ, ಎರಡು ಜೊತೆ ಬಟ್ಟೆ, ಹೊದಿಕೆ, ಟವೆಲು, ಸಾಬೂನು, ಟಾರ್ಚು, ತಟ್ಟೆ ಲೋಟ, ಒಣ ತಿಂಡಿ ಇವೆಲ್ಲ ಇಲ್ಲಿಗೆ ಸೇರತಕ್ಕವು. ಮೂರನೆಯದು ದೊಡ್ಡ ಪೆಟ್ಟಿಗೆ. ದ್ವೀಪವನ್ನು ಮುಟ್ಟುವ ತನಕ ಇದನ್ನು ತೆರೆಯುವ ಪ್ರಸಂಗವೇ ಬರಬಾರದು.

ಈ ವಿಂಗಡಣೆ ಸರಿಯಾಯಿತೆ ಎಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದಿದೆ. ಹೊರಡುವ ಎರಡು ದಿನ ಮೊದಲು ದೊಡ್ಡ ಪೆಟ್ಟಿಗೆಗೆ ಬೀಗ ಹಾಕಿ ಬೇರೆ ಕೋಣೆಯಲ್ಲಿರಿಸಿ, ಒಂದು ಹಗಲು ಒಂದು ರಾತ್ರಿ ಆ ಎರಡು ಚೀಲಗಳಿಂದಲೇ ಕಾಲ ಕಳೆಯಿರಿ. ಪೆಟ್ಟಿಗೆಯತ್ತ ಕೈ ಹೋದಾಗಲೆಲ್ಲ ಆ ವಸ್ತುವನ್ನು ಕೈಚೀಲಕ್ಕೆ ವರ್ಗಾಯಿಸಿರಿ. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಮಾಡುವ ಕಷ್ಟ ತಪ್ಪುತ್ತದೆ.

ಔಷಧಿಯನ್ನು ಯಾತ್ರೆಯ ದಿನಗಳಿಗಿಂತ ಒಂದು ವಾರ ಹೆಚ್ಚಿಗೆ ಕೊಂಡೊಯ್ಯಬೇಕು. ಅದನ್ನು ಎರಡು ಪಾಲು ಮಾಡಿ ಇಬ್ಬರ ಬಳಿ ಇಡಬೇಕು; ಒಂದು ಚೀಲ ಕಳೆದರೂ ಇನ್ನೊಂದು ಉಳಿಯುತ್ತದೆ. ಮಾತ್ರೆಗಳು ಅವುಗಳ ಮೂಲ ಪಟ್ಟಿಯಲ್ಲಿಯೇ ಇರಲಿ. ರೋಗ, ಔಷಧಿಯ ಹೆಸರು, ಪ್ರಮಾಣ, ಹೊತ್ತು, ಒಗ್ಗದ ಔಷಧಿಗಳು, ರಕ್ತದ ಗುಂಪು ಇವುಗಳನ್ನು ಇಂಗ್ಲಿಷಿನಲ್ಲಿ ಒಂದು ಕಾರ್ಡಿನ ಮೇಲೆ ಬರೆದು ಹಿರಿಯರ ಜೇಬಿನಲ್ಲಿಡಿರಿ. ಅಪರಿಚಿತರು ಸಹಾಯಕ್ಕೆ ಬಂದಾಗ ನಮ್ಮ ಕನ್ನಡವು ಅವರಿಗೆ ಅರ್ಥವಾಗದು.

ಮೊದಲು ನದಿ, ಅನಂತರ ಸಮುದ್ರ

ಕೋಲ್ಕತ್ತದಿಂದ ಹೊರಡುವವರು ತಿಳಿದಿರಬೇಕಾದ ವಿಶೇಷವೊಂದುಂಟು. ನಮ್ಮದು ಕಡಲತೀರದ ಬಂದರಲ್ಲ, ನದಿಯ ಬಂದರು. ಖಿದಿರ್‌ಪುರದ ಕಡೆಯ ಗೋದಿಯಿಂದ ಹೊರಬಿದ್ದ ಹಡಗು ಮಟಿಯಾಬುರ್ಜ್, ಬಜ್‌ಬಜ್, ಡೈಮಂಡ್ ಹಾರ್ಬರ್‌ಗಳನ್ನು ದಾಟಿ, ಸಾಗರ ದ್ವೀಪವನ್ನು ಬಳಸಿ ಕಡಲಿಗಿಳಿಯಬೇಕು. ಸ್ಯಾಂಡ್‌ಹೆಡ್ಸ್ ಎಂಬ ನದೀಮುಖದ ನೆಲೆಯಿಂದ ಕೋಲ್ಕತ್ತದವರೆಗೆ ಜಲಮಾರ್ಗ 232 ಕಿಲೋಮೀಟರು. ಮರಳದಿಬ್ಬಗಳು ಸದಾ ಸ್ಥಾನ ಬದಲಿಸುವ ಈ ದಾರಿಯಲ್ಲಿ ಮಾರ್ಗದರ್ಶಿ ಪೈಲಟ್ ಇಲ್ಲದೆ ದೊಡ್ಡ ಹಡಗುಗಳು ಚಲಿಸುವುದಿಲ್ಲ. 1899ರ ಜೂನ್ 20ರಂದು ಗೋಲ್ಕೊಂಡಾ ಎಂಬ ಹಡಗಿನಲ್ಲಿ ಇಲ್ಲಿಂದ ಹೊರಟ ಸ್ವಾಮಿ ವಿವೇಕಾನಂದರು ತಮ್ಮ ಬಂಗಾಳಿ ಪ್ರವಾಸ ಬರಹದಲ್ಲಿ ಈ ನದೀಮಾರ್ಗದ ಅಪಾಯಗಳನ್ನು ವರ್ಣಿಸಿದ್ದಾರೆ.

ಇದರಿಂದ ಪ್ರಯಾಣಿಕನಿಗೆ ಎರಡು ಪಾಠ. ಒಂದು, ಹಡಗು ಹೊರಡುವ ಹೊತ್ತನ್ನು ಗಡಿಯಾರಕ್ಕಿಂತ ಹೆಚ್ಚಾಗಿ ನದಿಯ ಉಬ್ಬರವಿಳಿತಗಳು ನಿರ್ಧರಿಸುತ್ತವೆ. ಹತ್ತಿದ ಮೇಲೆಯೂ ಗಂಟೆಗಟ್ಟಲೆ ಕಾಯಬೇಕಾದೀತು. ಅಷ್ಟು ಹೊತ್ತಿನ ಊಟ ನೀರು ಕೈಯಲ್ಲಿರಬೇಕು. ಎರಡು, ನದಿಯಲ್ಲಿ ಹಡಗು ಕೊಳದ ಮೇಲಿನ ಎಲೆಯಂತೆ ನಿಶ್ಚಲವಾಗಿ ಸಾಗುತ್ತದೆ. ನಿಜವಾದ ತೂಗಾಟ ಪ್ರಾರಂಭವಾಗುವುದು ಸಾಗರ ದ್ವೀಪ ಹಿಂದುಳಿದ ಮೇಲೆ. ಆದ್ದರಿಂದ ನಾನು ಮಾಡಿದಂತೆ ಗೋದಿಯಲ್ಲಿಯೇ ಮಾತ್ರೆ ನುಂಗಿಸಿದರೆ ಅದರ ಶಕ್ತಿಯೆಲ್ಲ ನದಿಯಲ್ಲೇ ವ್ಯಯವಾಗುತ್ತದೆ. ಕಡಲು ಎಷ್ಟು ಹೊತ್ತಿಗೆ ಸಿಗುತ್ತದೆಂದು ಹಡಗಿನ ಸಿಬ್ಬಂದಿಯನ್ನು ವಿಚಾರಿಸಿ, ಅದಕ್ಕೆ ಒಂದೆರಡು ಗಂಟೆ ಮೊದಲು, ಇಲ್ಲವೆ ರಾತ್ರಿಯ ಊಟವಾದ ಮೇಲೆ ಮಲಗುವಾಗ ತೆಗೆದುಕೊಳ್ಳುವುದು ಯುಕ್ತ.

ಸಮುದ್ರಪಿತ್ತವೆಂದರೇನು?

ನಮ್ಮ ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರೆವೃತ್ತಾಕಾರದ ನಾಳಗಳಿವೆ. ದೇಹ ಅಲುಗಾಡಿದಾಗ ಆ ದ್ರವ ಚಲಿಸಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ. ಹಡಗಿನ ಕೋಣೆಯೊಳಗೆ ಕುಳಿತಾಗ ಕಿವಿಯು ಅಲುಗಾಟವಿದೆಯೆನ್ನುತ್ತದೆ; ಎದುರಿನ ಗೋಡೆಯನ್ನು ನೋಡುತ್ತಿರುವ ಕಣ್ಣು ಇಲ್ಲವೆನ್ನುತ್ತದೆ. ಈ ಎರಡು ವರದಿಗಳು ತಾಳೆಯಾಗದಿರುವುದೇ ಓಕರಿಕೆಗೆ ಕಾರಣವೆಂದು ವೈದ್ಯಶಾಸ್ತ್ರ ಹೇಳುತ್ತದೆ. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ, ಗರ್ಭಿಣಿಯರಿಗೆ, ಅರೆತಲೆನೋವು ಇರುವವರಿಗೆ ಇದು ಹೆಚ್ಚು. ಬಹುಮಂದಿಗೆ ಎರಡು ಮೂರು ದಿನಗಳಲ್ಲಿ ದೇಹವೇ ಹೊಂದಿಕೊಳ್ಳುತ್ತದೆ.

ಕಣ್ಣಿಗೂ ಚಲನೆ ಕಾಣುವಂತೆ ಮಾಡುವುದೇ ಮೊದಲ ಉಪಾಯ. ಡೆಕ್ಕಿಗೆ ಬಂದು ದಿಗಂತವನ್ನು ದಿಟ್ಟಿಸಿರಿ. ತೂಗಾಟವು ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತುಗಳಲ್ಲಿ ಕಡಮೆ. ಸ್ಥಳ ಕಾದಿರಿಸುವಾಗ ಇದನ್ನು ನೆನಪಿನಲ್ಲಿಡಿರಿ. ಪುಸ್ತಕವನ್ನಾಗಲಿ ಫೋನನ್ನಾಗಲಿ ನೋಡುತ್ತ ಕೂರಬೇಡಿರಿ. ಹೊಟ್ಟೆಯನ್ನು ಬಿರಿಯುವಂತೆ ತುಂಬಿಸುವುದೂ ಬರಿದಾಗಿಡುವುದೂ ಎರಡೂ ತಪ್ಪು. ಶುಂಠಿಯ ಚೂರನ್ನು ಬಾಯಲ್ಲಿಟ್ಟುಕೊಂಡರೆ ಕೆಲವರಿಗೆ ಉಪಶಮನ ದೊರೆಯುತ್ತದೆ.

ಪ್ರೊಮೆಥಜೀನ್, ಮೆಕ್ಲಿಜೀನ್ ಮೊದಲಾದ ಮಾತ್ರೆಗಳು ಮುಂಚಿತವಾಗಿ ತೆಗೆದುಕೊಂಡರೆ ಮಾತ್ರ ಫಲಕಾರಿ. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದೇ ಕಷ್ಟ. ಇವು ಮಂಪರನ್ನೂ ಬಾಯಿ ಒಣಗುವಿಕೆಯನ್ನೂ ಉಂಟುಮಾಡುತ್ತವೆ. ಪ್ರಾಸ್ಟೇಟ್ ಗ್ರಂಥಿ ಊದಿಕೊಂಡಿರುವ ವೃದ್ಧರಿಗೆ ಮೂತ್ರ ಕಟ್ಟುವ, ಗ್ಲಾಕೋಮಾ ಇರುವವರಿಗೆ ಕಣ್ಣಿನ ಒತ್ತಡ ಏರುವ ಸಂಭವವುಂಟು. ಎರಡು ವರ್ಷದೊಳಗಿನ ಶಿಶುಗಳಿಗೆ ಪ್ರೊಮೆಥಜೀನ್ ಸರ್ವಥಾ ಕೂಡದು. ಆದ್ದರಿಂದ ಯಾರಿಗೆ ಯಾವುದು, ಎಷ್ಟು ಎಂಬುದನ್ನು ಕುಟುಂಬದ ವೈದ್ಯರೇ ಬರೆದುಕೊಡಲಿ.

ಸಕ್ಕರೆ ಮತ್ತು ರಕ್ತದೊತ್ತಡದವರಿಗೆ

ನಮ್ಮ ಮನೆಯಲ್ಲಿ ನಡೆದುದು ಇನ್ನೊಬ್ಬರ ಮನೆಯಲ್ಲಿ ನಡೆಯಬಾರದೆಂಬುದೇ ಈ ಲೇಖನದ ಮುಖ್ಯ ಉದ್ದೇಶ. ತಣ್ಣನೆಯ ಬೆವರು, ನಡುಕ, ಬಿಳಿಚಿದ ಮುಖ, ಓಕರಿಕೆ ಇವು ಸಮುದ್ರಪಿತ್ತದಲ್ಲಿಯೂ ಕಾಣಬಹುದು, ರಕ್ತದಲ್ಲಿ ಸಕ್ಕರೆ ಇಳಿದಾಗಲೂ ಕಾಣಬಹುದು. ಮಾತಿನ ತೊದಲು, ಗೊಂದಲ, ವಿನಾಕಾರಣ ಸಿಡುಕು ಸೇರಿಕೊಂಡರೆ ಸಕ್ಕರೆ ಇಳಿದಿದೆಯೆಂಬ ಶಂಕೆ ಮೊದಲು ಬರಬೇಕು. ಯಂತ್ರ ಕೈಯಲ್ಲಿದ್ದರೆ ಪರೀಕ್ಷಿಸಿರಿ. 70ಕ್ಕಿಂತ ಕೆಳಗಿದ್ದರೆ, ಅಥವಾ ಯಂತ್ರವೇ ಇಲ್ಲದಿದ್ದರೆ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕೊಟ್ಟು 15 ನಿಮಿಷ ನೋಡಿರಿ. ಚೇತರಿಸದಿದ್ದರೆ ಮತ್ತೊಮ್ಮೆ ಕೊಡಿರಿ. ಚೇತರಿಸಿದ ಮೇಲೆ ಏನಾದರೂ ತಿನ್ನಿಸಿರಿ. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕಕೂಡದು. ಮಗ್ಗುಲಾಗಿ ಮಲಗಿಸಿ ವೈದ್ಯರನ್ನು ಕರೆಯಬೇಕು.

ಹೊರಡುವ ಮುನ್ನ ವೈದ್ಯರನ್ನು ಒಂದು ಪ್ರಶ್ನೆ ಕೇಳಿ ಉತ್ತರವನ್ನು ಬರೆಸಿಕೊಳ್ಳಿರಿ: "ವಾಂತಿಯಾಗಿ ಊಟ ಸೇರದ ದಿನ ಯಾವ ಮಾತ್ರೆ ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು?" ಸಕ್ಕರೆಯ ಕೆಲವು ಮಾತ್ರೆಗಳನ್ನೂ, ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಗಳನ್ನೂ ಅಂಥ ದಿನ ತಾತ್ಕಾಲಿಕವಾಗಿ ನಿಲ್ಲಿಸಬೇಕಾಗಬಹುದು. ಇನ್ಸುಲಿನ್ನನ್ನು ಮಾತ್ರ ವೈದ್ಯರ ಸಲಹೆಯಿಲ್ಲದೆ ಪೂರ್ತಿ ನಿಲ್ಲಿಸುವಂತಿಲ್ಲ. ಬಳಕೆಗೆ ತೆರೆದ ಇನ್ಸುಲಿನ್ ಬಿಸಿಲು ತಗಲದ ತಂಪು ಜಾಗದಲ್ಲಿ ಈ ಕೆಲವು ದಿನ ಕೆಡದೆ ಇರುತ್ತದೆ. ಅದನ್ನು ಮಂಜುಗಡ್ಡೆಗೆ ತಾಗಿಸಿಡಬಾರದು.

ಆಹಾರ, ನೀರು, ಶುಚಿತ್ವ

ಹಡಗಿನ ಊಟಶಾಲೆಯಲ್ಲಿ ಅನ್ನ, ಬೇಳೆ, ಪಲ್ಯ, ಮೀನು ದೊರೆಯುತ್ತವೆ. ಆದರೂ ಹೊಟ್ಟೆ ಕೆಟ್ಟ ದಿನ ಮನೆಯ ರುಚಿಯೇ ಹಿತ. ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುರಿದ ಅವಲಕ್ಕಿ, ಹುರಿಗಡಲೆ, ಬೆಲ್ಲ, ನಿಂಬೆ ಉಪ್ಪಿನಕಾಯಿ ಇವು ಕೆಡುವುದಿಲ್ಲ, ತೂಕವೂ ಕಡಮೆ. ಇಲ್ಲಿ ಮುಡಿ ಎಂದು ಮಾರುವ ಮಂಡಕ್ಕಿಯಷ್ಟು ಹಗುರವಾದ ಆಹಾರ ತೊಳಸುವ ಹೊಟ್ಟೆಗೆ ಬೇರೊಂದಿಲ್ಲ. ಎಣ್ಣೆಯಲ್ಲಿ ಕರಿದ ತಿಂಡಿಗಳು ಮನೆಗೇ ಇರಲಿ.

ಪುನರ್ಜಲೀಕರಣದ ಲವಣದ ಪೊಟ್ಟಣಗಳು, ಅಂದರೆ ಓ.ಆರ್.ಎಸ್., ತಲೆಗೆ ಎರಡರಂತೆ ಇರಲಿ. ತೀರಿಹೋದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸಬಹುದು. ನೂರಾರು ಜನ ಒಂದೇ ಸೂರಿನಡಿ ಇರುವಾಗ ವಾಂತಿಭೇದಿ ಬೇಗ ಹರಡುತ್ತದೆ. ಹಡಗುಗಳಲ್ಲಿ ಹಾವಳಿ ಮಾಡುವ ನೋರೋವೈರಸ್ ಎಂಬ ರೋಗಾಣುವಿಗೆ ಕೈಗೆ ಹಚ್ಚುವ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ. ಸಾಬೂನು ಮತ್ತು ನೀರೇ ನಂಬತಕ್ಕವು.

ಉಡುಪು, ನಡಿಗೆ, ಕಾಲಮಾನ

ಹಡಗಿನ ಮೆಟ್ಟಿಲುಗಳು ಕಡಿದಾಗಿರುತ್ತವೆ, ಬಾಗಿಲುಗಳ ಹೊಸ್ತಿಲು ಎತ್ತರ, ಡೆಕ್ಕು ತೇವ. ಹಿರಿಯರಿಗೆ ಸಮುದ್ರಪಿತ್ತಕ್ಕಿಂತ ಜಾರಿಬೀಳುವುದೇ ದೊಡ್ಡ ಗಂಡಾಂತರ. ಹಿಂಬದಿ ಪಟ್ಟಿಯಿರುವ, ಜಾರದ ಅಟ್ಟೆಯ ಪಾದರಕ್ಷೆ ಅವಶ್ಯ. ಪಂಚೆ ಸೀರೆಗಳಿಗಿಂತ ಪಾಯಿಜಾಮ ಸಲ್ವಾರುಗಳು ಮೆಟ್ಟಿಲಿಗೆ ಅನುಕೂಲ. ನಡೆಯುವಾಗ ಒಂದು ಕೈ ಸದಾ ಕಂಬಿಯ ಮೇಲಿರಬೇಕಾದುದರಿಂದ, ಇನ್ನೊಂದು ಕೈಯಲ್ಲಿ ಎತ್ತಲಾಗದಷ್ಟು ಭಾರದ ಸಾಮಾನು ಬೇಡ. ಹವಾನಿಯಂತ್ರಿತ ಕೋಣೆಗಳೂ ರಾತ್ರಿಯ ಗಾಳಿಯೂ ಚಳಿ ಹುಟ್ಟಿಸುವುದರಿಂದ ಒಂದು ಸ್ವೆಟರು, ಹಗಲಿನ ಬಿಸಿಲಿಗೆ ದಾರವಿರುವ ಟೊಪ್ಪಿಗೆ ಇರಲಿ. ಹತ್ತಿದ ಕೂಡಲೆ ಲೈಫ್ ಜಾಕೆಟ್ ಎಲ್ಲಿದೆ, ಅಪಾಯದಲ್ಲಿ ಎಲ್ಲಿ ಸೇರಬೇಕು ಎಂಬುದನ್ನು ಮನೆಮಂದಿಯೆಲ್ಲ ನಡೆದು ನೋಡಿ ಬರಬೇಕು.

ಪೂಜಾ ರಜೆಯಲ್ಲಿ ಹೋಗೋಣವೆಂಬ ಆಸೆ ಸಹಜ. ಆದರೆ ಅಕ್ಟೋಬರಿನಿಂದ ಡಿಸೆಂಬರಿನ ಪ್ರಾರಂಭದವರೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತದ ಕಾಲ. 2019ರ ನವೆಂಬರ್ 9ರಂದು ಬುಲ್‌ಬುಲ್ ಚಂಡಮಾರುತ ಸಾಗರ ದ್ವೀಪದ ಬಳಿಯೇ ದಡ ಮುಟ್ಟಿತು. 2020ರ ಮೇ 20ರ ಅಂಫಾನನ್ನು ಮರೆತವರು ನಮ್ಮಲ್ಲಿಲ್ಲ. ಮಳೆಗಾಲದಲ್ಲಿ ಕಡಲು ಒರಟು. ಜನವರಿಯಿಂದ ಮಾರ್ಚಿನವರೆಗಿನ ಕಾಲವೇ ಪ್ರಶಸ್ತ. ಆಗಲೂ ಹಡಗಿನ ದಿನಾಂಕ ಹಿಂದುಮುಂದಾಗುವ ಸಂಭವವಿರುವುದರಿಂದ ರಜೆಗೆ ನಾಲ್ಕು ದಿನ ಹೆಚ್ಚು ಸೇರಿಸಿರಿ, ನಗದನ್ನೂ ಅದೇ ಪ್ರಮಾಣದಲ್ಲಿ ಇಟ್ಟುಕೊಳ್ಳಿರಿ. ಕಡಲಿನ ಭಯವಿರುವವರು ನದಿಯನ್ನೇ ಆರಿಸಿಕೊಳ್ಳಬಹುದು. 2023ರ ಜನವರಿಯಲ್ಲಿ ವಾರಾಣಸಿಯಿಂದ ಹೊರಟ ಗಂಗಾ ವಿಲಾಸ ನೌಕೆ ಕೋಲ್ಕತ್ತದ ಮಾರ್ಗವಾಗಿ ದಿಬ್ರುಗಢದವರೆಗೆ 51 ದಿನಗಳಲ್ಲಿ ಸುಮಾರು 3,200 ಕಿಲೋಮೀಟರು ಸಂಚರಿಸಿತು. ಸುಂದರಬನದ ಎರಡು ದಿನದ ದೋಣಿವಿಹಾರವಂತೂ ನಮ್ಮೆಲ್ಲರಿಗೂ ಎಟಕುವಂಥದು.

ನಾಲ್ಕನೆಯ ದಿನ ಬೆಳಿಗ್ಗೆ ಹಸಿರು ದ್ವೀಪಗಳು ಕಂಡಾಗ ಮಾವನವರು ಕಂಬಿ ಹಿಡಿದು ಮೌನವಾಗಿ ನಿಂತಿದ್ದರು. ಸೆಲ್ಯುಲರ್ ಕಾರಾಗೃಹದ ಅಂಗಳದಲ್ಲಿ ನಡೆದಾಡುವಾಗ, "ನೆಲ ಇನ್ನೂ ತೂಗುತ್ತಿದೆಯಲ್ಲಯ್ಯಾ" ಎಂದು ನಕ್ಕರು. ಹಡಗಿನಿಂದಿಳಿದವರಿಗೆ ಒಂದೆರಡು ದಿನ ಹಾಗೆ ಅನ್ನಿಸುವುದು ಸಾಮಾನ್ಯ, ಗಾಬರಿಪಡಬೇಕಾಗಿಲ್ಲ. ಹಿಂತಿರುಗುವಾಗ ಸಕ್ಕರೆಯ ಪೊಟ್ಟಣ ಅವರ ಜೇಬಿನಲ್ಲಿತ್ತು. ಪರೀಕ್ಷಾ ಯಂತ್ರ ನನ್ನ ಪತ್ನಿಯ ಕೈಚೀಲದಲ್ಲಿತ್ತು. ದೊಡ್ಡ ಪೆಟ್ಟಿಗೆಗೆ ಬೀಗವಿರಲಿಲ್ಲ. ಆ ನರ್ಸಮ್ಮನ ವಿಳಾಸವನ್ನು ಕೇಳಿಕೊಳ್ಳದೆ ಹೋದೆನೆಂಬುದೊಂದೇ ಕೊರತೆ ಇಂದಿಗೂ ಉಳಿದಿದೆ.

ಹಡಗನ್ನೇರಲಿರುವ ನಮ್ಮ ಬಳಗದ ಬಂಧುಗಳ ಪ್ರಯಾಣ ಸುಖಕರವಾಗಲಿ. ಅವರ ಕೈಚೀಲದಲ್ಲಿ ಮೂರು ಚಮಚ ಸಕ್ಕರೆ ಸದಾ ಇರಲಿ. ಅದನ್ನು ಬಳಸುವ ಪ್ರಸಂಗ ಎಂದಿಗೂ ಬಾರದಿರಲಿ.